ಎರಡನೇ ಭಾಗ ಮೊದಲನೇದರ ಮಟ್ಟಕ್ಕೆ ಬಂತಾ? ಸೂಪರ್‌ಹೀರೋ ಸಿನಿಮಾಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದಾದರೂ ಸೂಪರ್‌ಹೀರೋ ಸಿನಿಮಾದ ಮುಂದಿನ ಭಾಗ ಶುಕ್ರವಾರ ಬಂತು ಅಂದರೆ ಶನಿವಾರ ಕಾಫಿ ಕುಡಿಯೋ ಹೊತ್ತಿಗೆ ನನ್ನ ಫೋನಿಗೆ ಏಳೆಂಟು ಮೆಸೇಜ್ ಬಂದಿರುತ್ತವೆ. ಬಸವನಗುಡಿಯಲ್ಲಿರುವ ಅಕ್ಕನ ಮಗ, ಮಾರತಹಳ್ಳಿ ಆಫೀಸಿನ ಗೆಳೆಯರು, ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯವರು, ಎಲ್ಲರದ್ದೂ ಒಂದೇ ಪ್ರಶ್ನೆ. ಮೊದಲನೇದರಷ್ಟು ಚೆನ್ನಾಗಿದ್ಯಾ? ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡಿ ಹೆಬ್ಬೆರಳು ನೋವು ಬಂದಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಹಳೇ ಸಿನಿಮಾಗಳ ಕಥೆ ಅಲ್ಲಲ್ಲಿ ಬಿಚ್ಚಿಟ್ಟಿದ್ದೇನೆ. ಹತ್ತು ಹದಿನೈದು ವರ್ಷ ಆದಮೇಲೂ ನೋಡಿಲ್ಲ ಅಂದರೆ ಅದು ನನ್ನ ತಪ್ಪಲ್ಲ.

ಒಂದೇ ಮಾತಲ್ಲಿ ಹೇಳಿಬಿಡಿ, ಎರಡನೇ ಭಾಗ ಮೊದಲನೇದಕ್ಕಿಂತ ಚೆನ್ನಾಗಿರುತ್ತಾ ಇಲ್ವಾ?

ಸಾಮಾನ್ಯವಾಗಿ ಇಲ್ಲ. ಆದರೆ ಸೂಪರ್‌ಹೀರೋ ಸಿನಿಮಾಗಳ ವಿಷಯದಲ್ಲಿ ಮಾತ್ರ "ಇಲ್ಲ" ಅಂತ ಗಟ್ಟಿಯಾಗಿ ಹೇಳೋಕೆ ಧೈರ್ಯ ಸಾಲಲ್ಲ. ಯಾಕಂದರೆ ಈ ಜಾತಿಯ ಸಿನಿಮಾಗಳಲ್ಲಿ ಅತಿ ಚೆನ್ನಾಗಿರುವ ಒಂದಿಷ್ಟನ್ನು ಆರಿಸಿ ಅಂದರೆ ಅರ್ಧಕ್ಕರ್ಧ ಎರಡನೇ ಭಾಗಗಳೇ ಸಿಗುತ್ತವೆ. ಸ್ಪೈಡರ್-ಮ್ಯಾನ್ 2, ಎಕ್ಸ್-ಮೆನ್ ಸಾಲಿನ ಎಕ್ಸ್2, ಬ್ಯಾಟ್‌ಮ್ಯಾನ್‌ನ ದಿ ಡಾರ್ಕ್ ನೈಟ್, ಕ್ಯಾಪ್ಟನ್ ಅಮೆರಿಕದ ವಿಂಟರ್ ಸೋಲ್ಜರ್. ಬೇರೆ ಥರದ ಸಿನಿಮಾಗಳಲ್ಲಿ ಹೀಗೆ ಆಗೋದು ಕಡಿಮೆ.

ಇದಕ್ಕೆ ನನ್ನದೊಂದು ಲೆಕ್ಕ ಇದೆ. ಮೊದಲ ಭಾಗದಲ್ಲಿ ಹೀರೋಗೆ ಶಕ್ತಿ ಸಿಗುತ್ತೆ. ಜೇಡ ಕಚ್ಚುತ್ತೋ, ಸಿಡಿಲು ಹೊಡೆಯುತ್ತೋ, ಅಪ್ಪ ಬಿಟ್ಟುಹೋದ ದುಡ್ಡಿನಲ್ಲಿ ಕಪ್ಪು ಸೂಟ್ ಹೊಲಿಸಿಕೊಳ್ಳುತ್ತಾನೋ, ಒಟ್ಟಿನಲ್ಲಿ ಊಟ ಬಡಿಸಿ ಆಗುತ್ತೆ. ಎರಡನೇ ಭಾಗದಲ್ಲಿ ಬಿಲ್ ಬರಬೇಕು. ಬಿಲ್ ತಂದು ಟೇಬಲ್ ಮೇಲೆ ಇಟ್ಟ ಸಿನಿಮಾ ಗೆಲ್ಲುತ್ತೆ. ಬಿಲ್ ಕೊಡದೆ ಇನ್ನೊಂದು ರೌಂಡ್ ಬಡಿಸೋಕೆ ಶುರು ಮಾಡಿದ ಸಿನಿಮಾ ಹೊಟ್ಟೆ ಭಾರ ಮಾಡುತ್ತೆ, ಅಷ್ಟೇ.

ಸ್ಪೈಡರ್-ಮ್ಯಾನ್ 2 ಅಂದ್ರೆ ಎಲ್ಲರೂ ಯಾಕೆ ಅಷ್ಟು ಹೊಗಳ್ತಾರೆ? ಅದರ ಗ್ರಾಫಿಕ್ಸ್ ಈಗ ಹಳೇದಾಗಿದೆ ಅಲ್ವಾ?

ಗ್ರಾಫಿಕ್ಸ್ ಹಳೇದಾಗಿದೆ, ಒಪ್ಪಿದೆ. ಆ ಕಾಲಕ್ಕೆ ಅದೇ ಗ್ರಾಫಿಕ್ಸಿಗೆ ಆಸ್ಕರ್ ಬಂದಿತ್ತು ಅನ್ನೋದೂ ನಿಜ. ಆದರೆ ಜನ ಹೊಗಳೋದು ಅದಕ್ಕಲ್ಲ.

2002ರ ಮೊದಲ ಭಾಗದಲ್ಲಿ ಪೀಟರ್ ಪಾರ್ಕರ್‌ಗೆ ಶಕ್ತಿ ಬಂತು, ಅವನ ಚಿಕ್ಕಪ್ಪ ಬೆನ್ ಸತ್ತ, ಪಾಠ ಕಲಿತ. 2004ರ ಎರಡನೇ ಭಾಗ ಶುರುವಾಗೋದು ಹೇಗೆ ಗೊತ್ತಾ? ಲೋಕ ಉಳಿಸೋದರಿಂದ ಅಲ್ಲ, ಪಿಜ್ಜಾ ಡೆಲಿವರಿಯಿಂದ. ಟೈಮಿಗೆ ತಲುಪಿಸೋಕೆ ಆಗಲ್ಲ, ಆ ಕೆಲಸವೂ ಹೋಗುತ್ತೆ. ಬಾಡಿಗೆ ಬಾಕಿ. ಓನರ್ ಬಾಗಿಲ ಹತ್ತಿರವೇ ಕಾಯುತ್ತಿರುತ್ತಾನೆ. ಕಾಲೇಜಿನಲ್ಲಿ ಮೇಷ್ಟ್ರು ಬೈತಾರೆ. ಇಷ್ಟಪಟ್ಟ ಹುಡುಗಿಯ ನಾಟಕಕ್ಕೆ ಹೋಗೋಕೂ ಆಗಲ್ಲ. ಔಟರ್ ರಿಂಗ್ ರೋಡಿನಲ್ಲಿ ಮಳೆಯಲ್ಲಿ ನೆನೆದುಕೊಂಡು, ಬೆನ್ನಿಗೆ ಆ ದೊಡ್ಡ ಚೀಲ ಹಾಕಿಕೊಂಡು, ಸಿಗ್ನಲ್ ಬಿಡೋದನ್ನೇ ಕಾಯುತ್ತಾ ಫೋನಿನ ಟೈಮರ್ ನೋಡುವ ಹುಡುಗರನ್ನು ದಿನಾ ನೋಡೋ ನಮ್ಮ ಊರಿನವರಿಗೆ ಈ ಸಿನಿಮಾ ಈಗ ಬಂದಿದ್ದರೆ ಇನ್ನೂ ಜಾಸ್ತಿ ತಟ್ಟುತ್ತಿತ್ತು ಅಂತ ನನಗನ್ನಿಸುತ್ತೆ.

ಆಮೇಲೆ ಅವನ ಶಕ್ತಿಯೇ ಕೈಕೊಡೋಕೆ ಶುರುವಾಗುತ್ತೆ. ಬಲೆ ಬರಲ್ಲ. ಗೋಡೆಯಿಂದ ಜಾರುತ್ತಾನೆ. ಒಂದು ಕಡೆ ಲಿಫ್ಟಿನಲ್ಲಿ ಸೂಟ್ ಹಾಕಿಕೊಂಡೇ ನಿಂತು ಪಕ್ಕದವನ ಜೊತೆ ಸುಮ್ನೆ ಮಾತಾಡಿಕೊಂಡು ಕೆಳಗಿಳಿಯುತ್ತಾನೆ, ಅದಂತೂ ನನಗೆ ತುಂಬಾ ಇಷ್ಟ. ಚಿಕ್ಕಪ್ಪ ಸಾಯೋಕೆ ತಾನೇ ಕಾರಣ ಅಂತ ಮೇ ಚಿಕ್ಕಮ್ಮನ ಮುಂದೆ ಕೂತು ಒಪ್ಪಿಕೊಳ್ಳುವ ದೃಶ್ಯದಲ್ಲಿ ಒಂದೇ ಒಂದು ಹೊಡೆದಾಟ ಇಲ್ಲ, ಮ್ಯೂಸಿಕ್ ಕೂಡ ಜಾಸ್ತಿ ಇಲ್ಲ. ಚಿಕ್ಕಮ್ಮ ಕೈ ಹಿಂದಕ್ಕೆ ಎಳೆದುಕೊಂಡು ಎದ್ದು ಹೋಗುತ್ತಾರೆ. ಇದೇ ಬಿಲ್ ಅಂದಿದ್ದು.

ಕೊನೆಗೆ ರೈಲಿನ ದೃಶ್ಯ. ನಿಲ್ಲದ ರೈಲನ್ನು ನಿಲ್ಲಿಸಿ ಎಚ್ಚರ ತಪ್ಪುತ್ತಾನೆ, ಮುಖವಾಡ ಇಲ್ಲ, ಪ್ರಯಾಣಿಕರು ಅವನನ್ನು ಎತ್ತಿಕೊಂಡು ಒಳಗೆ ಮಲಗಿಸುತ್ತಾರೆ, ಮುಖ ನೋಡಿ ಇವನಿನ್ನೂ ಹುಡುಗ ಅಂತ ಒಬ್ಬ ಆಶ್ಚರ್ಯಪಡುತ್ತಾನೆ. ಇಬ್ಬರು ಚಿಕ್ಕ ಹುಡುಗರು ಮುಖವಾಡ ವಾಪಸ್ ಕೊಡುತ್ತಾರೆ. ನಾನಿದನ್ನು ಎಂ.ಜಿ. ರೋಡ್ ಕಡೆಯ ಥಿಯೇಟರ್ ಒಂದರಲ್ಲಿ ನೋಡಿದಾಗ ಹಿಂದಿನ ಸಾಲಿನಲ್ಲಿ ಶೋ ಪೂರ್ತಿ ಕಾಮೆಂಟ್ ಹೊಡೆಯುತ್ತಿದ್ದ ಕಾಲೇಜು ಹುಡುಗರ ಗುಂಪು ಆ ಎರಡು ನಿಮಿಷ ಬಾಯಿ ಬಿಡಲಿಲ್ಲ. ಆ ಹುಡುಗರು ಹಾಗೆ ಸುಮ್ಮನಾದದ್ದು ನನಗೆ ಗ್ರಾಫಿಕ್ಸಿಗಿಂತ ಚೆನ್ನಾಗಿ ನೆನಪಿದೆ.

ದಿ ಡಾರ್ಕ್ ನೈಟ್ ಗೆದ್ದಿದ್ದು ಜೋಕರ್‌ನಿಂದ ಮಾತ್ರ ಅಂತಾರಲ್ಲ?

ಅರ್ಧ ಸತ್ಯ. ಜೋಕರ್ ಪಾತ್ರ ಮಾಡಿದ ಹೀತ್ ಲೆಡ್ಜರ್ 2008ರ ಜನವರಿಯಲ್ಲಿ ತೀರಿಕೊಂಡ, ಸಿನಿಮಾ ಬಂದಿದ್ದು ಜುಲೈನಲ್ಲಿ, ಮುಂದಿನ ವರ್ಷ ಅವನ ಹೆಸರಿಗೆ ಆಸ್ಕರ್ ಬಂತು. ಆ ದುಃಖವೂ ಸೇರಿಕೊಂಡು ಜನ ಅವನನ್ನೇ ನೋಡೋಕೆ ಹೋದರು. ನಾನೂ ಹೋದೆ.

ಆದರೆ ಜೋಕರ್ ಅಲ್ಲಿ ಮಾಡೋದು ಏನು? ಬಿಲ್ ತಂದುಕೊಡೋದು. 2005ರ ಬ್ಯಾಟ್‌ಮ್ಯಾನ್ ಬಿಗಿನ್ಸ್‌ನಲ್ಲಿ ಬ್ರೂಸ್ ವೇಯ್ನ್ ಮುಖವಾಡ ಹಾಕಿಕೊಂಡ, ಊರು ಸರಿಹೋಗುತ್ತೆ ಅಂದುಕೊಂಡ. ಮುಖವಾಡ ಹಾಕಿಕೊಂಡ ಒಬ್ಬ ಒಳ್ಳೆಯವನು ಬಂದರೆ ಬಣ್ಣ ಬಳಿದುಕೊಂಡ ಒಬ್ಬ ಕೆಟ್ಟವನೂ ಬರುತ್ತಾನೆ ಅನ್ನೋ ಎಚ್ಚರಿಕೆ ಆ ಸಿನಿಮಾದ ಕೊನೆಯಲ್ಲೇ ಇತ್ತು, ಒಂದು ಇಸ್ಪೀಟ್ ಎಲೆಯ ರೂಪದಲ್ಲಿ. ಎರಡನೇ ಭಾಗದಲ್ಲಿ ಬ್ರೂಸ್ ಪ್ರೀತಿಸಿದ ರೇಚಲ್ ಸಾಯುತ್ತಾಳೆ, ಊರಿನ ಭರವಸೆಯಾಗಿದ್ದ ಹಾರ್ವಿ ಡೆಂಟ್ ಕೆಡುತ್ತಾನೆ, ಅವನು ಮಾಡಿದ್ದನ್ನೆಲ್ಲ ಬ್ಯಾಟ್‌ಮ್ಯಾನ್ ತನ್ನ ತಲೆ ಮೇಲೆ ಹಾಕಿಕೊಂಡು ಓಡುತ್ತಾನೆ. ಗೆದ್ದ ಹೀರೋ ಹಿಂದೆ ಪೊಲೀಸ್ ನಾಯಿ ಬಿಡೋ ಕ್ಲೈಮ್ಯಾಕ್ಸ್ ಎಷ್ಟು ಸಿನಿಮಾದಲ್ಲಿದೆ ಹೇಳಿ.

ಇನ್ನೊಂದು ವಿಷಯ. ಶಿಕಾಗೊ ಬೀದಿಯಲ್ಲಿ ಆ ದೊಡ್ಡ ಲಾರಿಯನ್ನು ನಿಜವಾಗಿಯೇ ಪಲ್ಟಿ ಹೊಡೆಸಿದರು. ಆಸ್ಪತ್ರೆ ಉರುಳುವ ದೃಶ್ಯಕ್ಕೆ ಕೆಡವಬೇಕಿದ್ದ ಹಳೇ ಕಟ್ಟಡವೊಂದನ್ನು ನಿಜವಾಗಿಯೇ ಉರುಳಿಸಿದರು. ಅದಕ್ಕೇ ಆ ಸಿನಿಮಾ ಇನ್ನೂ ಹಳೇದಾಗಿ ಕಾಣಲ್ಲ.

ಮೊದಲ ಭಾಗ ಬೋರ್ ಆಗಿತ್ತು. ಎರಡನೇದು ನೋಡೋದೇ ಬೇಡ್ವಾ?

ನೋಡಿ. ಮನೆಯಲ್ಲಿ ದೋಸೆ ಹುಯ್ದವರಿಗೆ ಗೊತ್ತಿರುತ್ತೆ, ಮೊದಲ ದೋಸೆ ಕಾವಲಿಗೆ ಅಂಟಿಕೊಳ್ಳುತ್ತೆ, ಎರಡನೇದು ಎದ್ದು ಬರುತ್ತೆ.

ಕ್ಯಾಪ್ಟನ್ ಅಮೆರಿಕ ಹಾಗೆ. 2011ರ ಮೊದಲ ಭಾಗ ಎರಡನೇ ಮಹಾಯುದ್ಧದ ಕಥೆ, ಕೆಟ್ಟದ್ದಲ್ಲ, ಆದರೆ ನನಗೆ ಮಧ್ಯದಲ್ಲಿ ಆಕಳಿಕೆ ಬಂತು. 2014ರ ವಿಂಟರ್ ಸೋಲ್ಜರ್ ಬಂದಾಗ ಥಿಯೇಟರಿಗೆ ಹೋಗೋ ಯೋಚನೆಯೇ ಇರಲಿಲ್ಲ, ಗೆಳೆಯನೊಬ್ಬ ಎಕ್ಸ್‌ಟ್ರಾ ಟಿಕೆಟ್ ಇದೆ ಅಂತ ಎಳೆದುಕೊಂಡು ಹೋದ. ನಿರ್ದೇಶಕರಾದ ರೂಸೋ ಸಹೋದರರು ಆ ಯುದ್ಧದ ಸಿನಿಮಾವನ್ನು ಪತ್ತೇದಾರಿ ಥ್ರಿಲ್ಲರ್ ಮಾಡಿಬಿಟ್ಟಿದ್ದರು. ಮೇಲಿನವರು ಹೇಳಿದ್ದನ್ನು ನಂಬಿಕೊಂಡು ಬದುಕಿದ ಸೈನಿಕ ಸ್ಟೀವ್, ಅವನೇ ಕ್ಯಾಪ್ಟನ್ ಅಮೆರಿಕ. ಈಗ ಆ ಮೇಲಿನವರೇ ಕೊಳೆತಿದ್ದಾರೆ, ಎದುರಿಗೆ ನಿಂತ ಕೊಲೆಗಾರ ಬಾಲ್ಯದ ಗೆಳೆಯ ಬಕಿ. ಲಿಫ್ಟಿನೊಳಗೆ ಒಬ್ಬೊಬ್ಬರಾಗಿ ಜನ ತುಂಬಿಕೊಳ್ಳುತ್ತಾ ಹೋಗಿ ಹೊಡೆದಾಟ ಶುರುವಾಗುವ ದೃಶ್ಯವನ್ನು ನೋಡಿದ ಮೇಲೆ ಸುಮಾರು ಒಂದು ವಾರ ಆಫೀಸಿನ ಲಿಫ್ಟಿನಲ್ಲಿ ಪಕ್ಕದವರ ಕೈ ನೋಡುತ್ತಿದ್ದೆ.

ಉಲ್ಟಾ ಕೂಡ ಇದೆ. ಥಾರ್ ಮೊದಲ ಭಾಗ ಪರವಾಗಿಲ್ಲ, 2013ರ ಎರಡನೇದು ಅಂಟಿದ ದೋಸೆ, ರುಚಿ ಬಂದಿದ್ದು 2017ರ ಮೂರನೇದರಲ್ಲಿ. ಕಾವಲಿ ಬಿಸಿ ಆಗೋದು ಕೆಲವರಿಗೆ ತಡ.

ಹಾಗಾದ್ರೆ ಜಾಸ್ತಿ ಸಿನಿಮಾಗಳು ಎರಡನೇ ಭಾಗದಲ್ಲಿ ಎಡವೋದು ಯಾಕೆ?

ಊಟಕ್ಕಿಂತ ಉಪ್ಪಿನಕಾಯಿ ಜಾಸ್ತಿ ಆಗೋದರಿಂದ. ಮೊದಲನೇದರಲ್ಲಿ ಒಬ್ಬ ವಿಲನ್ ಗೆದ್ದ ಅಂದರೆ ಮುಂದಿನದರಲ್ಲಿ ಇಬ್ಬರು, ಅದರ ಮುಂದಿನದರಲ್ಲಿ ಮೂವರು. 2007ರ ಸ್ಪೈಡರ್-ಮ್ಯಾನ್ 3ರಲ್ಲಿ ಸ್ಯಾಂಡ್‌ಮ್ಯಾನ್ ಇದ್ದಾನೆ, ವೆನಮ್ ಇದ್ದಾನೆ, ಗೆಳೆಯ ಹ್ಯಾರಿಯೂ ವಿಲನ್. ಸ್ಯಾಂಡ್‌ಮ್ಯಾನ್ ಮರಳಿನಿಂದ ಎದ್ದು ನಿಲ್ಲೋಕೆ ಒದ್ದಾಡುವ ಆ ಒಂದು ದೃಶ್ಯ ಎಷ್ಟು ಚೆನ್ನಾಗಿದೆ ಅಂದರೆ, ಅವನೊಬ್ಬನೇ ಸಾಕಾಗಿತ್ತು ಅಂತ ಹೊಟ್ಟೆ ಉರಿಯುತ್ತೆ.

ಎರಡನೇ ರೋಗ ಮುಂದಿನ ಸಿನಿಮಾದ ಜಾಹೀರಾತು. 2010ರ ಐರನ್ ಮ್ಯಾನ್ 2 ತನ್ನ ಕಥೆ ಹೇಳೋದು ಬಿಟ್ಟು 2012ರ ಅವೆಂಜರ್ಸ್‌ಗೆ ಪೆಂಡಾಲ್ ಹಾಕುತ್ತಾ ಕೂತುಬಿಡುತ್ತೆ. 2014ರ ಅಮೇಜಿಂಗ್ ಸ್ಪೈಡರ್-ಮ್ಯಾನ್ 2 ಇನ್ನೂ ಪಾಪ. ಆರು ವಿಲನ್‌ಗಳ ಒಂದು ಮುಂದಿನ ಸಿನಿಮಾಕ್ಕೆ ಅಂತ ಕಥೆಯಲ್ಲಿ ಎಲ್ಲೆಲ್ಲೂ ಕಂಬ ನೆಟ್ಟರು, ಆ ಸಿನಿಮಾ ಬರಲೇ ಇಲ್ಲ. ನಮ್ಮ ಊರಲ್ಲಿ ಅರ್ಧಕ್ಕೆ ನಿಂತ ಫ್ಲೈಓವರ್ ಕಂಬ ನೋಡಿದಾಗ ನನಗೆ ಅದೇ ನೆನಪಾಗುತ್ತೆ. ಎಮ್ಮಾ ಸ್ಟೋನ್ ಮಾಡಿದ ಹೀರೋಯಿನ್ ಗ್ವೆನ್ ಸಾಯುವ ದೃಶ್ಯ ಮಾತ್ರ ನಿಜವಾದ ಬಿಲ್. ಅಷ್ಟು ಭಾರದ ದೃಶ್ಯ ಇಟ್ಟುಕೊಂಡೂ ಸಿನಿಮಾ ನಿಲ್ಲಲಿಲ್ಲ ಅಂದರೆ ಸುತ್ತ ಎಷ್ಟು ಕಸ ಇತ್ತು ಅಂತ ಲೆಕ್ಕ ಹಾಕಿ.

ಜಾಸ್ತಿ ದುಡ್ಡು ಮಾಡಿದ್ದೇ ಚೆನ್ನಾಗಿರೋದು ಅಲ್ವಾ ಸಾರ್?

ಇದು ಆಫೀಸಿನ ಕ್ಯಾಂಟೀನಿನಲ್ಲಿ ಪ್ರತಿ ಸಲ ಬರುವ ವಾದ. ನಿರ್ದೇಶಕ ಸ್ಯಾಮ್ ರೈಮಿಯ ಮೊದಲ ಮೂರು ಸ್ಪೈಡರ್-ಮ್ಯಾನ್‌ಗಳನ್ನೇ ತಗೊಳ್ಳಿ. ಪ್ರಪಂಚದಾದ್ಯಂತ ಮೊದಲನೇದು ಸುಮಾರು 82 ಕೋಟಿ ಡಾಲರ್ ಮಾಡಿತು, ಎರಡನೇದು 79 ಕೋಟಿಯಷ್ಟು, ಮೂರನೇದು 89 ಕೋಟಿಯಷ್ಟು. ಮೂರರಲ್ಲಿ ಜನ ಎಲ್ಲಕ್ಕಿಂತ ಜಾಸ್ತಿ ಮೆಚ್ಚಿದ್ದು ಎಲ್ಲಕ್ಕಿಂತ ಕಡಿಮೆ ದುಡ್ಡು ಮಾಡಿತು. ಜಾಸ್ತಿ ಬೈಸಿಕೊಂಡದ್ದು ಜಾಸ್ತಿ ಮಾಡಿತು.

ಯಾಕಂದರೆ ಎರಡನೇ ಭಾಗ ಚೆನ್ನಾಗಿದ್ದರೆ ಅದರ ಲಾಭ ಬರೋದು ಮೂರನೇದಕ್ಕೆ. ನಾವು ಟಿಕೆಟ್ ತಗೊಳ್ಳೋದು ಹಿಂದಿನ ಸಿನಿಮಾ ನಂಬಿಕೊಂಡು. ಹಾಗೇ ಡಾರ್ಕ್ ನೈಟ್ ಥರ ಮೊದಲನೇದರ 37 ಕೋಟಿಯಿಂದ 100 ಕೋಟಿ ಡಾಲರ್ ದಾಟಿದ್ದೂ ಇದೆ, ಅಲ್ಲಿ ದುಡ್ಡೂ ಸಿಕ್ಕಿತು, ಮರ್ಯಾದೆಯೂ ಸಿಕ್ಕಿತು. ಆದರೆ ಅದನ್ನು ನಿಯಮ ಮಾಡಬೇಡಿ.

ಜೋಕರ್ ಎರಡನೇ ಭಾಗ ಯಾಕೆ ಅಷ್ಟು ಕೆಟ್ಟದಾಗಿ ಬಿತ್ತು?

ಈ ಪ್ರಶ್ನೆ ಕೇಳಿದರೆ ನನಗೆ ಸ್ವಲ್ಪ ಮುಜುಗರ, ಯಾಕಂದರೆ ನನ್ನ ಬಿಲ್ ಲೆಕ್ಕದ ಪ್ರಕಾರ ಇದು ಗೆಲ್ಲಬೇಕಿತ್ತು. 2019ರ ಜೋಕರ್ 100 ಕೋಟಿ ಡಾಲರ್ ದಾಟಿತು, ವಾಕಿನ್ ಫೀನಿಕ್ಸ್‌ಗೆ ಆಸ್ಕರ್ ಬಂತು. 2024ರಲ್ಲಿ ಬಂದ ಎರಡನೇ ಭಾಗದಲ್ಲಿ ಆರ್ಥರ್, ಅಂದರೆ ಜೋಕರ್, ಜೈಲಿನಲ್ಲಿದ್ದಾನೆ, ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿದೆ, ಮಾಡಿದ ಕೊಲೆಗಳಿಗೆಲ್ಲ ಲೆಕ್ಕ ಕೇಳುತ್ತಿದ್ದಾರೆ. ಇದಕ್ಕಿಂತ ನೇರವಾದ ಬಿಲ್ ಬೇಕಾ? ಲೇಡಿ ಗಾಗಾ ಬೇರೆ ಇದ್ದಾರೆ. ಆದರೂ 20 ಕೋಟಿ ಡಾಲರ್ ಆಸುಪಾಸಿಗೆ ನಿಂತುಹೋಯಿತು.

ಹಾಡುಗಳು ಜಾಸ್ತಿ ಆಯಿತು ಅಂತ ಜನ ಬೈದರು. ಹಾಡಿಗೆ ನಮ್ಮವರು ಹೆದರೋದುಂಟಾ, ಮೂರು ಗಂಟೆ ಸಿನಿಮಾದಲ್ಲಿ ಆರು ಹಾಡು ನೋಡಿ ಬೆಳೆದವರು ನಾವು. ನನಗನ್ನಿಸೋದು ಬೇರೆ. ಆ ಸಿನಿಮಾ ಬಿಲ್ ಕಳಿಸಿದ್ದು ಆರ್ಥರ್‌ಗಲ್ಲ, ನೋಡೋಕೆ ಬಂದವರಿಗೆ. ಮೊದಲ ಭಾಗದಲ್ಲಿ ಇವನಿಗೆ ಚಪ್ಪಾಳೆ ಹೊಡೆದಿರಲ್ಲ, ನಾಚಿಕೆ ಆಗಲ್ವಾ ಅಂತ ಎರಡು ಗಂಟೆಗೂ ಮೇಲೆ ಬೈಯುತ್ತೆ. ಟಿಕೆಟ್ ತಗೊಂಡು ಬೈಸಿಕೊಳ್ಳೋಕೆ ಯಾರೂ ತಯಾರಿರಲ್ಲ. ಧೈರ್ಯ ಮೆಚ್ಚಬೇಕು ಅಂತ ಒಬ್ಬ ಗೆಳೆಯ ಹೇಳಿದ. ಮೆಚ್ಚಿದೆ. ಮತ್ತೆ ನೋಡಲ್ಲ.

ಹಳೇ ಕಾಲದಲ್ಲೂ ಈ ಜಗಳ ಇತ್ತಾ?

ಚೆನ್ನಾಗೇ ಇತ್ತು. 1978ರ ಸೂಪರ್‌ಮ್ಯಾನ್ ಮಾಡಿದ ರಿಚರ್ಡ್ ಡಾನರ್ ಎರಡನೇ ಭಾಗದ ದೊಡ್ಡ ಪಾಲನ್ನೂ ಅದರ ಜೊತೆಗೇ ಶೂಟ್ ಮಾಡಿದ್ದರು. ನಿರ್ಮಾಪಕರ ಜೊತೆ ಸರಿಹೋಗದೆ ಅವರನ್ನು ತೆಗೆದು ರಿಚರ್ಡ್ ಲೆಸ್ಟರ್ ಕೈಗೆ ಕೊಟ್ಟರು, 1980ರಲ್ಲಿ ಸೂಪರ್‌ಮ್ಯಾನ್ 2 ಬಂತು. ಡಾನರ್ ಶೂಟ್ ಮಾಡಿದ್ದನ್ನೆಲ್ಲ ಸೇರಿಸಿ ಅವರ ಲೆಕ್ಕದ ಸಿನಿಮಾ ಹೊರಬಂದಿದ್ದು 2006ರಲ್ಲಿ. ಅಂದರೆ ಒಂದೇ ಎರಡನೇ ಭಾಗ ಎರಡು ರೂಪದಲ್ಲಿದೆ, ಯಾವುದು ಚೆನ್ನಾಗಿದೆ ಅಂತ ಆಮೇಲೆ ಅದಕ್ಕೆ ಬೇರೆ ಜಗಳ.

ಎರಡರಲ್ಲೂ ಸೂಪರ್‌ಮ್ಯಾನ್ ಪ್ರೀತಿಗಾಗಿ ಶಕ್ತಿ ಬಿಟ್ಟುಕೊಡುತ್ತಾನೆ, ಆಮೇಲೆ ಒಂದು ಸಾಮಾನ್ಯ ಹೋಟೆಲಿನಲ್ಲಿ ಒಬ್ಬ ಸಾಮಾನ್ಯ ರೌಡಿ ಕೈಯಲ್ಲಿ ಒದೆ ತಿನ್ನುತ್ತಾನೆ. ತುಟಿಯಲ್ಲಿ ರಕ್ತ ನೋಡಿ ಅವನಿಗೇ ಆಶ್ಚರ್ಯ. 2004ರ ಪೀಟರ್ ಪಾರ್ಕರ್‌ಗೆ ಇವನೇ ಅಣ್ಣ ಅಂತ ಆಗ ಗೊತ್ತಾಗುತ್ತೆ.

ಹೀರೋ ಮಾಡಿದ ನಟನೇ ಇಲ್ಲದಿದ್ದರೆ?

ಬ್ಲ್ಯಾಕ್ ಪ್ಯಾಂಥರ್ ಆಗಿದ್ದ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ ಹೋದರು. 2018ರ ಬ್ಲ್ಯಾಕ್ ಪ್ಯಾಂಥರ್ ಅತ್ಯುತ್ತಮ ಚಿತ್ರದ ಆಸ್ಕರ್ ಪಟ್ಟಿಗೆ ಹೋದ ಮೊದಲ ಸೂಪರ್‌ಹೀರೋ ಸಿನಿಮಾ. ಆ ಪಾತ್ರಕ್ಕೆ ಇನ್ನೊಬ್ಬ ನಟನನ್ನು ತರಲಿಲ್ಲ. ಎರಡನೇ ಭಾಗ, 2022ರ ವಕಾಂಡಾ ಫಾರೆವರ್, ಶುರುವಾಗೋದೇ ಆ ಹೀರೋನ ಸಾವಿನಿಂದ, ಬಿಳಿ ಬಟ್ಟೆಯ ಮೆರವಣಿಗೆ. ಅಪ್ಪು ಹೋದ ಮುಂದಿನ ವರ್ಷವೇ ಇದನ್ನು ನೋಡಿದ ಬೆಂಗಳೂರಿನವರಿಗೆ ನಾನು ಏನೂ ವಿವರಿಸಬೇಕಾಗಿಲ್ಲ. ಸಿನಿಮಾ ಉದ್ದ ಜಾಸ್ತಿ, ನೀರೊಳಗಿನ ಕಥೆ ನನಗೆ ಹಿಡಿಸಲಿಲ್ಲ. ಮೊದಲನೇದರ ಜೊತೆ ಹೋಲಿಸೋಕೆ ಮಾತ್ರ ಮನಸ್ಸು ಬರಲ್ಲ.

ಕೆಜಿಎಫ್ 2, ಎಂಡ್‌ಗೇಮ್ ಇವೆಲ್ಲ ಈ ಲೆಕ್ಕಕ್ಕೆ ಬರುತ್ತಾ?

ಎಂಡ್‌ಗೇಮ್ ಬರಲ್ಲ. 2018ರ ಇನ್ಫಿನಿಟಿ ವಾರ್ ಮತ್ತು 2019ರ ಎಂಡ್‌ಗೇಮ್ ಒಂದೇ ಕಥೆಯ ಎರಡು ತುಂಡು. ಮೊದಲ ತುಂಡಿನಲ್ಲಿ ಎಲ್ಲರೂ ಸೋತರು, ಎರಡನೇದರಲ್ಲಿ ಗೆಲ್ಲಲೇಬೇಕು. ಅದು ಇಂಟರ್ವಲ್‌ಗೆ ಒಂದು ವರ್ಷ ಬಿಡುವು ಕೊಟ್ಟ ಹಾಗೆ.

ಕೆಜಿಎಫ್ ಕೂಡ ಹಾಗೆಯೇ, 2018ರಲ್ಲಿ ಮೊದಲ ತುಂಡು, 2022ರಲ್ಲಿ ಎರಡನೇದು. ರಾಕಿಗೆ ಯಾವ ಜೇಡವೂ ಕಚ್ಚಿಲ್ಲ, ಆದರೂ ಅವನು ಮಾಡೋದು ನೋಡಿದರೆ ಸೂಪರ್‌ಹೀರೋ ಅಲ್ಲ ಅನ್ನೋಕೆ ಕಷ್ಟ. ಚಾಪ್ಟರ್ 2ರ ಕೊನೆಯಲ್ಲಿ ಸಮುದ್ರದ ಮಧ್ಯೆ ಬಿಲ್ ಬರುತ್ತೆ, ದೊಡ್ಡ ಬಿಲ್ಲೇ. ನನಗೆ ಮೊದಲನೇದೇ ಜಾಸ್ತಿ ಇಷ್ಟ, ನಮ್ಮ ಮನೆಯಲ್ಲಿ ಯಾರೂ ಒಪ್ಪಲ್ಲ. ಕಾಂತಾರ ಚಾಪ್ಟರ್ 1 ಹೆಸರಲ್ಲಿ ಒಂದು, ಬಂದಿದ್ದು ಎರಡನೇದಾಗಿ, ಕಥೆ ಮೊದಲಿನದು. ಅದನ್ನು ಯಾವ ಸಾಲಿಗೆ ಹಾಕೋದು ಅಂತ ಯೋಚಿಸೋದೇ ಬಿಟ್ಟಿದ್ದೇನೆ.

ನಮ್ಮ ದೇಶದ ಸೂಪರ್‌ಹೀರೋಗಳ ಎರಡನೇ ಭಾಗ ಹೇಗೆ?

ಕ್ರಿಶ್ ಸಾಲಿನಲ್ಲಿ 2003ರ ಕೋಯಿ ಮಿಲ್ ಗಯಾ ಮೊದಲನೇದು, 2006ರ ಕ್ರಿಶ್ ಎರಡನೇದು, ಅದಾದ ಮೇಲೆ 2013ರಲ್ಲಿ ನೇರ ಕ್ರಿಶ್ 3. ಕ್ರಿಶ್ 2 ಎಲ್ಲಿ ಹೋಯಿತು ಅಂತ ಹುಡುಕುವವರು ಇನ್ನೂ ಇದ್ದಾರೆ, ಹುಡುಕಬೇಡಿ, ಅದು ಇಲ್ಲ. ಅಪ್ಪನ ಕಥೆಯಿಂದ ಮಗನ ಕಥೆಗೆ ಹಾರಿದ್ದು ಒಳ್ಳೇ ಯೋಚನೆಯೇ. ಎಂದಿರನ್ ಆದಮೇಲೆ 2018ರಲ್ಲಿ ಬಂದ 2.0ದಲ್ಲಿ ಫೋನ್‌ಗಳೆಲ್ಲ ಹಾರಿಹೋಗುವ ದೃಶ್ಯ ಜೋರಾಗಿದೆ. ಅಲ್ಲಿ ಬಿಲ್ ಕೊಟ್ಟವನು ವಿಲನ್, ಹಕ್ಕಿಗಳಿಗಾಗಿ ಸತ್ತ ಮನುಷ್ಯ. ಹೀರೋಗೆ ಏನೂ ಖರ್ಚಾಗಲಿಲ್ಲ. ಹಾಗಾಗಿ ಮನಸ್ಸು ಹಕ್ಕಿಗಳ ಕಡೆಗೇ ಹೋಗುತ್ತೆ.

ಮಲಯಾಳಂನ 2021ರ ಮಿನ್ನಲ್ ಮುರಳಿ ಎಷ್ಟು ಚೆನ್ನಾಗಿದೆ ಅಂದರೆ ಅದಕ್ಕೆ ಎರಡನೇ ಭಾಗ ಬರೋದೇ ಬೇಡ ಅಂತ ನನ್ನಾಸೆ. ಒಂದೇ ಸಿಡಿಲು ಟೈಲರ್ ಜೈಸನ್‌ಗೂ ಹೊಡೆಯುತ್ತೆ, ಟೀ ಅಂಗಡಿಯ ಶಿಬುಗೂ ಹೊಡೆಯುತ್ತೆ, ಬಿಲ್ಲೂ ಅದೇ ಸಿನಿಮಾದಲ್ಲಿ ಬಂದುಹೋಗುತ್ತೆ. ಮಿಕ್ಕಿದ್ದೇನು? ಇನ್ನು ತೆಲುಗಿನ 2024ರ ಹನುಮಾನ್ ಮುಂದುವರಿದ ಭಾಗಕ್ಕೆ ನಮ್ಮ ರಿಷಬ್ ಶೆಟ್ಟಿಯನ್ನೇ ಹನುಮಂತನ ಪಾತ್ರಕ್ಕೆ ಹಾಕಿಕೊಂಡಿದ್ದಾರೆ. ಹೋಗದೆ ಇರೋಕಾಗುತ್ತಾ.

ಇವೆಲ್ಲ ಕನ್ನಡದಲ್ಲಿ ಸಿಗುತ್ತಾ?

ಕೆಲವು. 1960ರ ದಶಕದ ಹೋರಾಟದ ನಂತರ ದಶಕಗಳ ಕಾಲ ಇಲ್ಲಿ ಡಬ್ಬಿಂಗ್ ಸಿನಿಮಾ ಬರುತ್ತಿರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. ನಮ್ಮ ವಯಸ್ಸಿನವರು ಇಂಗ್ಲಿಷ್ ಅರ್ಧ ಅರ್ಥವಾಗಿ ಅರ್ಧ ಊಹೆ ಮಾಡಿಕೊಂಡೇ ಬೆಳೆದದ್ದು.

ನನಗೆ ಖುಷಿ ಕೊಟ್ಟದ್ದು 2023ರ ಅಕ್ರಾಸ್ ದ ಸ್ಪೈಡರ್-ವರ್ಸ್. ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. 2018ರ ಮೊದಲ ಭಾಗಕ್ಕೆ ಆಸ್ಕರ್ ಬಂದಿತ್ತು, ಆದರೂ ಎರಡನೇದು ಇನ್ನೂ ಒಂದು ಕೈ ಮೇಲೆ. ಮುಂಬತ್ತನ್ ಅನ್ನೋ ಊರಿನ ಪವಿತ್ರ್ ಪ್ರಭಾಕರ್ ಅಂತ ನಮ್ಮವನೇ ಒಬ್ಬ ಸ್ಪೈಡರ್-ಮ್ಯಾನ್ ಇದ್ದಾನೆ. "ಚಾಯ್ ಟೀ" ಅಂದ ಹೀರೋ ಮೈಲ್ಸ್‌ಗೆ ಅವನು ಬೈಯುತ್ತಾನೆ, ಟೀ ಟೀ ಅಂದ ಹಾಗಾಯ್ತಲ್ಲೋ ಅಂತ. ದಿನಾ "ಮಿಡ್ಲ್ ಸೆಂಟರ್" ಅನ್ನುವ ನಾವೂ ನಕ್ಕೆವು. ಅಲ್ಲಿ ಕೇಳುವ ಬಿಲ್ಲೂ ದೊಡ್ಡದು: ಅಪ್ಪ ಸಾಯಲೇಬೇಕು, ಆಗಲೇ ನೀನು ಸ್ಪೈಡರ್-ಮ್ಯಾನ್ ಅಂತ ಎಲ್ಲರೂ ಸೇರಿ ಹುಡುಗನಿಗೆ ಹೇಳುತ್ತಾರೆ, ಅವನು ಕೊಡಲ್ಲ ಅಂತ ಓಡುತ್ತಾನೆ. ಒಂದೇ ತಕರಾರು, ಕಥೆ ಕುತ್ತಿಗೆಗೆ ಬಂದಾಗ ಸಿನಿಮಾ ಮುಗಿಸಿಬಿಡುತ್ತಾರೆ.

ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಸರ್ಟಿಫಿಕೇಟ್ ನೋಡಿ. 2024ರ ಕೊನೆಯಿಂದ ಯು/ಎ ಅನ್ನೋದನ್ನು 7, 13, 16 ವರ್ಷ ಅಂತ ಮೂರು ಮಾಡಿದ್ದಾರೆ. ಮೊದಲ ಭಾಗ ಮಕ್ಕಳಿಗೆ ಸರಿಹೋಯಿತು ಅಂತ ಎರಡನೇದೂ ಹಾಗೇ ಇರುತ್ತೆ ಅಂದುಕೊಳ್ಳಬೇಡಿ. ಡೆಡ್‌ಪೂಲ್‌ಗೆ ಕೆಂಪು ಬಟ್ಟೆ ಇದೆ ಅಂತ ಆರು ವರ್ಷದ ಮಗುವನ್ನು ಕರೆತಂದು ಗೇಟಿನಲ್ಲಿ ಜಗಳ ಆಡುತ್ತಿದ್ದವರನ್ನು ನಾನೇ ನೋಡಿದ್ದೇನೆ.

ಥಿಯೇಟರಿಗೆ ಹೋಗೋದಾ, ಮನೇಲಿ ಬರೋವರೆಗೂ ಕಾಯೋದಾ?

ಟಿಕೆಟ್ ದರದ ಮೇಲೆ ಹೋಗುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ನಾವೆಲ್ಲ ಕುಣಿದೆವು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮೊದಲ ಭಾಗ ಸಣ್ಣ ಪರದೆಯಲ್ಲಿ ನೋಡಿ ಇಷ್ಟವಾಗಿದ್ದರೆ ಎರಡನೇದೂ ಹಾಗೆಯೇ ನೋಡಿ, ನಷ್ಟ ಇಲ್ಲ. ಐಮ್ಯಾಕ್ಸ್ ಕ್ಯಾಮೆರಾದಲ್ಲೇ ತೆಗೆದ ದೃಶ್ಯ ಇದ್ದರೆ ಮಾತ್ರ ಕೋರಮಂಗಲದ ತನಕ ಹೋಗೋ ಕಷ್ಟ ತಗೊಳ್ಳಿ.

ಇಂಟರ್ವಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾಲಿವುಡ್ ಸಿನಿಮಾದಲ್ಲಿ ಇಂಟರ್ವಲ್ ಇರಲ್ಲ, ಇಲ್ಲಿನವರು ಕತ್ತರಿಸಿ ಮಾಡುತ್ತಾರೆ. ಒಂದು ಮಲ್ಟಿಪ್ಲೆಕ್ಸಿನಲ್ಲಿ ಹೀರೋ ಬಾಯಿ ತೆರೆದು ಮಾತು ಶುರು ಮಾಡಿದ, ಅರ್ಧ ಪದಕ್ಕೆ ಲೈಟ್ ಹಾಕಿ ಪಾಪ್‌ಕಾರ್ನ್ ಜಾಹೀರಾತು ಬಿಟ್ಟರು. ವಾಪಸ್ ಬಂದಾಗ ಉಳಿದ ಅರ್ಧ ಪದ ಇರಲಿಲ್ಲ. ಅವನು ಏನು ಹೇಳಿದ ಅಂತ ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ, ಮನೆಯಲ್ಲಿ ನೋಡಿದಾಗ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯಲ್ಲಿ ಮುಚ್ಚಿದ ಮೇಲೆ ಇಂಗ್ಲಿಷ್ ಸಿನಿಮಾ ನೋಡಿ ಹಾಗೇ ಚರ್ಚ್ ಸ್ಟ್ರೀಟ್ ಕಡೆ ನಡೆದುಕೊಂಡು ಹೋಗಿ ಕಾಫಿ ಕುಡಿಯುತ್ತಾ ಜಗಳ ಆಡೋ ಸುಖವೂ ಹೋಯಿತು. ಈಗ ಬೇಸ್‌ಮೆಂಟ್ ಪಾರ್ಕಿಂಗಿನಲ್ಲೇ ಜಗಳ ಮುಗಿಸಬೇಕು.

ಮಾಮ, ನಿಂಗೆ ವಯಸ್ಸಾಯ್ತು. ಅದಕ್ಕೇ ಹಳೇದೇ ಚೆನ್ನಾಗಿ ಕಾಣುತ್ತೆ ಅಲ್ವಾ?

ಅಕ್ಕನ ಮಗನ ಪ್ರಶ್ನೆ, ಎಂಟನೇ ಕ್ಲಾಸು. ಇರಬಹುದು ಕಣೋ. 2004ರ ದಿ ಇನ್‌ಕ್ರೆಡಿಬಲ್ಸ್ ನೋಡಿದಾಗ ಸ್ಕೂಲಿನಲ್ಲಿದ್ದವರು 2018ರಲ್ಲಿ ಎರಡನೇ ಭಾಗ ಬರೋ ಹೊತ್ತಿಗೆ ವೈಟ್‌ಫೀಲ್ಡಿನಲ್ಲಿ ಕೆಲಸಕ್ಕಿದ್ದರು. ಪರದೆಯ ಮೇಲೆ ಮಾತ್ರ ಒಂದು ನಿಮಿಷವೂ ಕಳೆದಿರಲಿಲ್ಲ, ಮೊದಲನೇದು ನಿಂತಲ್ಲಿಂದಲೇ ಶುರು. ಮಗು ಜಾಕ್-ಜಾಕ್ ಇನ್ನೂ ಮಗುವೇ. ನಮಗೆ ಕೂದಲು ಉದುರಿತ್ತು.

ಆದರೂ ಸೋಲೋಕೆ ಮನಸ್ಸಿಲ್ಲದೆ ಒಂದು ಭಾನುವಾರ ಅವನನ್ನು ಕೂರಿಸಿಕೊಂಡು ಸ್ಪೈಡರ್-ಮ್ಯಾನ್ 2 ಹಾಕಿದೆ. ಅವನು ಈ ಪೀಟರನ್ನೂ ಬೆನ್ನಿಗೆ ನಾಲ್ಕು ಯಂತ್ರದ ಕೈ ಇರುವ ವಿಲನ್ ಡಾಕ್ಟರ್ ಆಕ್ಟೋಪಸ್‌ನನ್ನೂ ಮೊದಲು ನೋಡಿದ್ದು 2021ರ ನೋ ವೇ ಹೋಮ್‌ನಲ್ಲಿ, ಹಾಗಾಗಿ ಅವನ ಪಾಲಿಗೆ ಇವರಿಬ್ಬರೂ ಯಾವುದೋ ಸಿನಿಮಾಕ್ಕೆ ಗೆಸ್ಟ್ ಆಗಿ ಬಂದ ಅಂಕಲ್‌ಗಳು. ಪಿಜ್ಜಾ ದೃಶ್ಯಕ್ಕೆ ನಕ್ಕ. ಮಧ್ಯದಲ್ಲಿ ಒಂದು ಸಲ ಫೋನ್ ನೋಡಿದ. ರೈಲಿನ ದೃಶ್ಯಕ್ಕೆ ಫೋನ್ ಉಲ್ಟಾ ಇಟ್ಟ. ನಾನು ಏನೂ ಗೊತ್ತಿಲ್ಲದವನ ಹಾಗೆ ಕಡ್ಲೆಬೀಜ ಬಿಡಿಸುತ್ತಾ ಕೂತಿದ್ದೆ.

ಮುಗಿದ ಮೇಲೆ ಕೇಳಿದ, "ಮಾಮ, ಇದರದ್ದು ಮೊದಲನೇ ಪಾರ್ಟ್ ಇದ್ಯಾ?"

ಹಾಕಿದೆ. ಅರ್ಧ ಗಂಟೆ ನೋಡಿ ಎದ್ದು ಅಡುಗೆಮನೆಗೆ ಹೋದ. ಅಕ್ಕ ಹೇಗಿದ್ಯೋ ಅಂತ ಕೇಳಿದ್ದಕ್ಕೆ ಹೇಳಿದ್ದು ನನಗೂ ಕೇಳಿಸಿತು: "ಪರವಾಗಿಲ್ಲಮ್ಮ, ಆದ್ರೆ ಒರಿಜಿನಲ್ ಅಷ್ಟು ಚೆನ್ನಾಗಿಲ್ಲ."